ಹೆಸರು ಕೊರೆದ ಇಟ್ಟಿಗೆ

ಏಪ್ರಿಲ್ ಹನ್ನೆರಡು. ಒಣ ಬಿಸಿಲು, ಗಾಳಿಯಿಲ್ಲ. ಚೀನಾದ ಹಳೆಯ ನಗರವೊಂದನ್ನು ನೋಡಲು ಬಂದ ಅಂಬರಗುಬ್ಬಿ ಅದರ ಕೋಟೆಗೋಡೆಯ ಮೇಲೆ ಕುಳಿತಿತು. ಪ್ರತಿ ಇಟ್ಟಿಗೆಯ ಮೇಲೂ ಅದನ್ನು ಮಾಡಿದವನ ಹೆಸರು ಕೊರೆದಿತ್ತು.

"ಇಟ್ಟಿಗೆಯಜ್ಜ, ಕೂಲಿಯವನಿಗೂ ಇಷ್ಟು ಮರ್ಯಾದೆಯೇ! ನಾವೂ ಮಣ್ಣಲ್ಲೇ ಗೂಡು ಕಟ್ಟುತ್ತೇವೆ, ನಮ್ಮ ಹೆಸರು ಯಾರು ಬರೆಯುತ್ತಾರೆ?"

"ಮರ್ಯಾದೆಗಲ್ಲ ಮಗಳೇ, ತಪ್ಪು ಕಂಡರೆ ಮಾಡಿದವನನ್ನು ಹಿಡಿಯಲು."

"ನಿನ್ನಲ್ಲೇನು ತಪ್ಪು? ಈ ಸಣ್ಣ ಕುಳಿಯೇ?"

"ಅದೇ. ನಾನಿನ್ನೂ ಹಸಿಯಾಗಿದ್ದಾಗ ನಿಮ್ಮವಳೊಬ್ಬಳು ಗೂಡಿಗೆಂದು ಒಂದು ಕೊಕ್ಕು ಮಣ್ಣು ಕಿತ್ತಳು. 'ಮೊಟ್ಟೆಯಿಡುವವಳು, ಒಯ್ಯಲಿ ಬಿಡಿ' ಎಂದು ನನ್ನನ್ನು ಮಾಡಿದವನು ನಕ್ಕ. ಗೋಡೆ ಎದ್ದ ಮೇಲೆ ಅಧಿಕಾರಿ ಬಂದ. ಕುಳಿ ನೋಡಿದ, ಹೆಸರು ಓದಿದ."

ಗುಬ್ಬಿ ಕುಳಿಯನ್ನು ಕೊಕ್ಕಿನಿಂದ ಮುಟ್ಟಿತು. "ಒಂದು ಕೊಕ್ಕು ಮಣ್ಣಿಗೆ ಅವನು ಏನು ತೆತ್ತ? ಛಡಿಯೇಟೇ?"

"ತಲೆ," ಎಂದಿತು ಇಟ್ಟಿಗೆ.