ಏಡಿ ಗುಡ್ಡ ಹತ್ತಿ ಇಳಿದದ್ದು

ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪದಲ್ಲಿ ಉಂಗಾ ಎಂಬ ಏಡಿ ಶಂಖವೊಂದನ್ನು ಮನೆ ಮಾಡಿಕೊಂಡಿತ್ತು. ದ್ವೀಪವನ್ನೆಲ್ಲ ನಡೆದು ನೋಡಬೇಕೆಂಬುದು ಅದರ ಬಹುದಿನದ ಆಸೆ. ಒಂದು ಬೆಳಿಗ್ಗೆ ನೆರೆಯ ಕಾಡುಕೋಳಿ ಮೋವಾಳ ಜೊತೆ ಹೊರಟೇಬಿಟ್ಟಿತು. ಆದರೆ ಗುಡ್ಡದ ಏರು ಶುರುವಾಗುತ್ತಲೇ ಶಂಖದ ಭಾರಕ್ಕೆ ಹಿಂದಕ್ಕೆ ಜಾರತೊಡಗಿತು.

"ಮನೆ ಹೊತ್ತುಕೊಂಡು ಊರು ನೋಡುವವರುಂಟೇ ತಮ್ಮಾ? ಇಳಿಸಿ ಬಾ," ಎಂದಿತು ಕೋಳಿ.

"ನನ್ನ ಬೆನ್ನು ಬಲು ಮೆದು, ಅಕ್ಕಾ. ಹಕ್ಕಿ ಕುಕ್ಕಿದರೆ ನನ್ನ ಕಥೆ ಮುಗಿಯಿತು."

"ಹಾಗಾದರೆ ಇಲ್ಲೇ ಇರು. ಮೇಲೆ ಏನಿದೆಯೆಂದು ನಾನೇ ಬಂದು ಹೇಳುತ್ತೇನೆ."

ಆ ಮಾತು ಏಡಿಗೆ ಚುರುಕ್ಕೆಂದಿತು. ಉಸಿರು ಬಿಗಿಹಿಡಿದು ಶಂಖದಿಂದ ಹೊರಬಿತ್ತು. ಅಬ್ಬಾ, ಮೈ ಎಷ್ಟು ಹಗುರ! ಜರೀಗಿಡಗಳ ನಡುವೆ ಓಡಿತು, ತೊರೆ ದಾಟಿತು, ಕೋಳಿಗಿಂತ ಮೊದಲೇ ನೆತ್ತಿ ಸೇರಿತು. ಯಾವ ಕಡೆ ತಿರುಗಿದರೂ ನೀಲಿ ಕಡಲು! ಸಂತೋಷ ತಾಳಲಾರದೆ ಗಿರಗಿರನೆ ಸುತ್ತಿ ಕುಣಿಯಿತು.

ಅಷ್ಟರಲ್ಲಿ ಕೊಕ್ಕರೆಯೊಂದು ಎರಗಿತು. ಇಲಿ ತೂತು ಕೊರೆದು ತಿರುಳು ತಿಂದು ಬಿಟ್ಟಿದ್ದ ತೆಂಗಿನಕಾಯಿಯ ಇಡೀ ಕರಟವೊಂದು ಪಕ್ಕದಲ್ಲೇ ಬಿದ್ದಿತ್ತು. ಏಡಿ ಅದರೊಳಗೆ ನುಗ್ಗಿತು. ಕೊಕ್ಕು ಟಣ್ಣೆಂದು ಬಡಿದ ರಭಸಕ್ಕೆ ಕರಟ ಉರುಳತೊಡಗಿತು. ಬಂಡೆಯಿಂದ ಬಂಡೆಗೆ ಪುಟಿಯುತ್ತ, ಮಲಗಿದ್ದ ಹಂದಿಯ ಬೆನ್ನು ಹಾರಿ, ಕೆಳಗಿನ ಮರಳಿನಲ್ಲಿ ಹೋಗಿ ನಿಂತಿತು.

ಕೋಳಿ ರೆಕ್ಕೆ ಬಡಿಯುತ್ತ ಓಡಿಬಂತು. "ಉಂಗಾ, ಬದುಕಿದ್ದೀಯಾ?"

ತೂತಿನಿಂದ ಎರಡು ಕಣ್ಣು ಹೊರಬಂದವು.

"ಈ ಮನೆ ಹಗುರ, ಇದಕ್ಕೆ ಉರುಳಲೂ ಬರುತ್ತದೆ, ಅಕ್ಕಾ! ನಡೆ, ಆಚೆ ಮಗ್ಗುಲಿನಿಂದಲೂ ಒಮ್ಮೆ ಹತ್ತೋಣ."