ಬಾಯಿಗೆ ನೀರು ತುಂಬಿಸುವ ಆಸ್ಥಾನ

ಹಿರಿಗಡದ ಅರಸರ ಮೂರು ಒಗಟು ಬಿಡಿಸಿದವರಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ; ತಪ್ಪಿದವರಿಗೆ ಶೂಲ. ಡಂಗುರ ಸಾರಿದ್ದು ಇಷ್ಟು. ಒಗಟು ಕಟ್ಟಿದವರು ಅರಸರಲ್ಲ ಎಂಬುದನ್ನು ಸಾರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಹಗಲು ಬಡವರ ಪರ ವಾದಿಸಿ, ಸಂಜೆ ಜಗಲಿಯಲ್ಲಿ ಯಾರು ಬಂದರೂ ಕೂರಿಸಿ ಕಾನೂನು ಕಲಿಸುತ್ತಿದ್ದ ವಿರೂಪಣ್ಣನವರನ್ನು ಅರಸರು ಶೂಲಕ್ಕೇರಿಸಿದ್ದರು. ಸಾಯುವ ಮುಂಚೆ ಅವರು ಕೇಳಿದ ಒಗಟುಗಳಿವು. ಅಂದಿನಿಂದ ಅರಸರಿಗೆ ನಿದ್ದೆಯಿಲ್ಲ.

ಹಿರಿಗಡದಲ್ಲಿ ಆರೋಪಿಯ ಬಾಯಿಗೆ ನೀರು ತುಂಬಿಸಿ ನಿಲ್ಲಿಸುತ್ತಿದ್ದರು. ನುಂಗಿದರೂ ಉಗುಳಿದರೂ ಅಪರಾಧ ಸಾಬೀತು. ಹಾಗಾಗಿ ವಿಚಾರಣೆಗಳು ಬೇಗ ಮುಗಿಯುತ್ತಿದ್ದವು.

ಚಾಪೆ ಹೆಣೆಯುವ ದುಗ್ಗನಿಗೆ ರಾಜಕುಮಾರಿ ಬೇಕಿರಲಿಲ್ಲ. ಅರಮನೆಯ ಕೆರೆಯಲ್ಲಿ ಕೊಡ ಅದ್ದಿದಳೆಂದು ಅವನ ಅಕ್ಕ ಮಾಳವ್ವನನ್ನು ಹಿಡಿದಿದ್ದರು. ಅದಕ್ಕೂ ಶೂಲವೇ. ವಿರೂಪಣ್ಣನವರು ಹೋದ ಮೇಲೆ ಆ ಸಭೆಯಲ್ಲಿ ಬಾಯಿ ತೆರೆಯುವ ಅಪ್ಪಣೆ ಒಗಟಿಗೆ ಬಂದವರಿಗೆ ಮಾತ್ರ. ಅದಕ್ಕೇ ಬಂದ. ಗುರುಗಳ ಜಗಲಿಯಲ್ಲಿ ಅವನು ಒಗಟು ಕಲಿತಿರಲಿಲ್ಲ, ವಾದ ಕಲಿತಿದ್ದ.

ಮಂತ್ರಿ ಮೊದಲನೆಯದನ್ನು ಕೇಳಿದ: "ಎತ್ತಿಕೊಂಡವನಿಗೆ ಭಾರ, ಬಿಟ್ಟು ಹೋದವನಿಗೆ ಇನ್ನೂ ಭಾರ. ಏನದು?"

ದಳವಾಯಿಯ ಮಗ ಕಿರೀಟ ಎಂದ. ಎಳೆದೊಯ್ದರು. ಆಸ್ಥಾನಕವಿ ಅರಸರ ಕೀರ್ತಿ ಎಂದ. ಅವನನ್ನೂ ಎಳೆದೊಯ್ದರು; ಬಾಗಿಲು ದಾಟುವವರೆಗೂ ಹೊಗಳುತ್ತಲೇ ಇದ್ದ. ದುಗ್ಗ ಮುಂದೆ ಬಂದ.

"ಬುದ್ಧಿ, ಅದು ಇನ್ನೊಬ್ಬರ ಪರವಾಗಿ ಆಡಬೇಕಾದ ಮಾತು. ಆಡಿದವನಿಗೆ ಶೂಲ. ಆಡದೆ ಮನೆಗೆ ಹೋದವನಿಗೆ ನಿದ್ದೆ ಬರುವುದಿಲ್ಲ."

ಅರಸರು ಕೆಂಪೇರಿದ ಕಣ್ಣು ಉಜ್ಜಿಕೊಂಡರು.

ಮಂತ್ರಿ ಎರಡನೆಯದನ್ನು ಕೇಳಿದ: "ಎರಡು ಕಿವಿಯಿದ್ದೂ ಅರ್ಧವನ್ನೇ ಕೇಳುವವನು ಯಾರು?"

"ತಾವು."

ಶೂಲಕ್ಕೇರಿಸುವ ಆಳು ಯಾರೂ ಕರೆಯದೆ ಎದ್ದು ನಿಂತ.

"ದೂರು ಕೊಟ್ಟವನ ಮಾತು ಕೇಳುತ್ತೀರಿ. ಸಿಕ್ಕಿಬಿದ್ದವಳ ಬಾಯಿಗೆ ನೀರು ತುಂಬಿಸುತ್ತೀರಿ."

ಮೂರನೆಯದನ್ನು ಅರಸರೇ ಕೇಳಿದರು, ಮೆಲ್ಲಗೆ: "ಬಿತ್ತಿದವನನ್ನು ಕೊಂದರೂ ಬೆಳೆಯುವ ಬೆಳೆ?"

"ಕಲಿಸಿದ ಪಾಠ. ಗುರುಗಳನ್ನು ಕೊಂದಿರಿ. ಅವರ ವಾದವನ್ನು ಈಗ ನಾನು ಮಾಡುತ್ತಿದ್ದೇನೆ."

ಅರಸರು ದುಗ್ಗನಿಗೆ ತಮ್ಮ ಮಗಳನ್ನು ಕರೆದೊಯ್ಯಲು ಹೇಳಿದರು. ರಾಜಕುಮಾರಿಯವರನ್ನು ಕೇಳಿದ್ದೀರಾ ಎಂದ ದುಗ್ಗ. ಯಾರಿಗೂ ಹೊಳೆದಿರಲಿಲ್ಲ. ಪರದೆಯ ಹಿಂದಿನಿಂದ ಆಕೆ, ನನಗೆ ಇವನು ಬೇಡ, ಆದರೆ ಕೇಳಿದನಲ್ಲ, ಎಂದಳು.

ಅರ್ಧ ರಾಜ್ಯವೂ ಬೇಡವೆಂದ ದುಗ್ಗ. ಅಕ್ಕನ ಮಾತು ಕೇಳಿದರೆ ಸಾಕು. ಮಾಳವ್ವ ಬಂದು ಸಭೆಯ ನಡುವೆ ನೀರು ಉಗುಳಿದಳು. ಕೆಲವರು ಮುಖ ಮುಚ್ಚಿಕೊಂಡರು.

"ಕೊಡ ಅದ್ದಿದ್ದು ನಿಜ," ಅಂದಳು. "ಮಗೂಗೆ ಬಾಯಾರಿತ್ತು. ಆ ಕೆರೆ ತೋಡಿದವರಲ್ಲಿ ನಮ್ಮಪ್ಪನೂ ಒಬ್ಬ."

ದುಗ್ಗ ಬೆಚ್ಚಿದ. ಇಲ್ಲ ಎನ್ನುತ್ತಾಳೆಂದು ನಂಬಿ ವಾದ ಕಟ್ಟಿಕೊಂಡಿದ್ದ. ಅದನ್ನು ಅಲ್ಲೇ ಬಿಟ್ಟು, ತೋಡಿದವರಿಗೆ ಕುಡಿಯುವ ಹಕ್ಕಿಲ್ಲವೇ ಎಂದು ಶುರುಮಾಡಿದ. ಹೊತ್ತು ಇಳಿಯುವಾಗ ಅರಸರು ಅವಳನ್ನು ಬಿಟ್ಟರು, ನೀರು ತುಂಬಿಸುವ ಪದ್ಧತಿಯನ್ನೂ ಬಿಟ್ಟರು. ಅವನಿಗೆ ಬಹುಮಾನವಾಗಿ ಸಿಕ್ಕಿದ್ದು ವಿರೂಪಣ್ಣನವರ ಜಗಲಿ.

ಬದುಕಿರುವವರೆಗೂ ಅಲ್ಲಿ ಪಾಠ ಹೇಳಿದ, ಆಸ್ಥಾನದಲ್ಲಿ ವಾದಿಸಿದ. ಹೆಚ್ಚಿನ ವಾದಗಳಲ್ಲಿ ಸೋತ. ಆದರೆ ಅವನ ಕಡೆಯವರು ಸೋತರೂ ತಮ್ಮ ಮಾತು ಹೇಳಿದ ಮೇಲೆಯೇ ಸೋತರು.