ನೀರಿನ ಗುಳಿಯಲ್ಲಿ ಕುಳಿತ ಕೆಂಪು ಚುಕ್ಕೆ

ಮಿದುಳಿನ ಚಿತ್ರ ತೆಗೆಯುವ ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ ಒಂದು ಹಳೆಯ ಮಾದರಿ ಚಿತ್ರವಿತ್ತು. ಉಳಿದ ಚಿತ್ರಗಳು ಅದನ್ನು ಅಜ್ಜಿ ಎನ್ನುತ್ತಿದ್ದವು. ಹೊಸದಾಗಿ ಬಂದ ಚಿತ್ರಗಳೆಲ್ಲ ಅಂಚಿಗೆ ಅಂಚು ಕೂಡುವಂತೆ ಅಜ್ಜಿಯ ಮೇಲೆ ಮಲಗಬೇಕು. ಆಮೇಲೆ ಎಲ್ಲರನ್ನೂ ಸೇರಿಸಿ ಒಂದೇ ಚಿತ್ರ ಮಾಡುವುದು. "ನೆಟ್ಟಗೆ ಮಲಗಿ" ಎಂದು ಹೇಳಿ ಹೇಳಿ ಅಜ್ಜಿಗೆ ಸಾಕಾಗಿತ್ತು.

ಒಂದು ದಿನ ನೋವಿನಿಂದ ನರಳುವ ರೋಗಿಗಳ ಇಪ್ಪತ್ತು ಚಿತ್ರ ಸೇರಿದ ಚಿತ್ರದಲ್ಲಿ ಕೆಂಪು ಚುಕ್ಕೆಯೊಂದು ಬೆಳಗಿತು.

"ಅಜ್ಜೀ, ನೋವು ಹುಟ್ಟುವ ಜಾಗ ನಾನೇ. ನಾಳೆಯಿಂದ ವೈದ್ಯರು ರೋಗಿಗಳಿಗೆ ಇಲ್ಲಿಯೇ ಚಿಕಿತ್ಸೆ ಕೊಡುತ್ತಾರೆ" ಎಂದು ಅದು ಬೀಗಿತು.

"ನೀನು ಕುಳಿತಿರುವುದು ಮಿದುಳಿನ ನಡುವಿನ ನೀರಿನ ಗುಳಿಯಲ್ಲಿ, ಮಗು. ನೀರಿಗೆ ನೋವುಂಟೆ?"

"ಇಪ್ಪತ್ತು ತಲೆಗಳು ತಪ್ಪುತ್ತವೆಯೆ?"

ಅಜ್ಜಿ ನಿಟ್ಟುಸಿರಿಟ್ಟು ಇಪ್ಪತ್ತನ್ನೂ ಒಂದೊಂದಾಗಿ ಮತ್ತೆ ಕರೆದಳು. ಹತ್ತೊಂಬತ್ತು ಸರಿಯಾಗಿ ಕೂಡಿದವು. ಅವುಗಳ ಗುಳಿಯಲ್ಲಿ ಬೆಳಕೇ ಇರಲಿಲ್ಲ. ಏಳನೆಯದು ಮಾತ್ರ ಧಗಧಗ ಉರಿಯುತ್ತಿತ್ತು, ಅದರ ಹಣೆ ಅಂಚು ದಾಟಿ ಹೊರಗೆ ಚಾಚಿತ್ತು.

"ಸೊಟ್ಟಗೆ ಮಲಗಿದ್ದೀಯಲ್ಲೋ!"

"ಯಾರೂ ನೋಡಲಿಲ್ಲ, ಅಜ್ಜಿ. ಎಲ್ಲರೂ ನನ್ನ ಬೆಳಕನ್ನೇ ಹೊಗಳಿದರು."

ಅದು ನೆಟ್ಟಗಾಯಿತು, ಅದರ ಬೆಳಕು ಗುಳಿಯಿಂದ ಪಕ್ಕಕ್ಕೆ ಸರಿಯಿತು. ಎಲ್ಲವನ್ನೂ ಮತ್ತೆ ಸೇರಿಸಿದಾಗ ಗುಳಿಯಲ್ಲಿ ಕೆಂಪು ಚುಕ್ಕೆ ಇರಲಿಲ್ಲ.

ಅಜ್ಜಿ ಹತ್ತೊಂಬತ್ತರ ಕಡೆ ತಿರುಗಿದಳು. "ಆ ಬೆಳಕು ನಿಮ್ಮದಲ್ಲವೆಂದು ನಿಮಗೆ ಗೊತ್ತಿತ್ತು. ಬಾಯಿ ಬಿಡಬಾರದಿತ್ತೆ?"

"ಹೊಗಳಿಕೆಯಲ್ಲಿ ನಮಗೂ ಪಾಲಿತ್ತಲ್ಲ, ಅಜ್ಜಿ."

ಬಾಗಿಲಲ್ಲಿ ಆಗಲೇ ಬೇರೆ ಇಪ್ಪತ್ತು ಚಿತ್ರಗಳು ಬಂದು ನಿಂತಿದ್ದವು.

"ಒಬ್ಬೊಬ್ಬರಾಗಿ ಬನ್ನಿ" ಎಂದಳು ಅಜ್ಜಿ.